ಹನ್ನೊಂದು ಕುರ್ಚಿ, ನಾಲ್ಕು ಕುರಿ

ಆ ಫಾರಂನಲ್ಲಿ ಕುರ್ಚಿಗೆಂದೇ ಒಂದು ಕಾಲಂ ಇತ್ತು. ಮಂಚಕ್ಕೆ, ಫ್ಯಾನಿಗೆ, ಮಿಕ್ಸಿಗೆ, ಟೀವಿಗೆ, ಕಬ್ಬಿಣದ ಬೀರುವಿಗೆ ಬೇರೆ ಬೇರೆ ಕಾಲಂ. ಮನೆಯಲ್ಲಿ ಆ ವಸ್ತು ಇದ್ದರೆ ರೈಟ್ ಹಾಕಬೇಕು, ಇಲ್ಲದಿದ್ದರೆ ಇಂಟು. ರೈಟು ಹೆಚ್ಚಾದ ಮನೆ ಪಟ್ಟಿಯಿಂದ ಹೊರಗೆ, ಇಂಟು ಹೆಚ್ಚಾದ ಮನೆ ಒಳಗೆ. ಮೊದಲ ಸಲ ಇದನ್ನು ವಿವರಿಸಿದಾಗ ನನಗೆ ಸರಿಯಾಗಿ ತಲೆಗೆ ಹೋಗಲಿಲ್ಲ. ಇಂಟು ಹೆಚ್ಚು ಬಿದ್ದವನು ಫೇಲು ಎಂದೇ ನಾನು ಶಾಲೆಯಲ್ಲಿ ಕಲಿತಿದ್ದೆ.

ಶಾಲೆ ಎಂದರೆ ನಾನು ಅದನ್ನು ಮುಗಿಸಿದ್ದೇ ತಡವಾಗಿ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರುತ್ತಿದ್ದೆ. ಮದುವೆಯಾಗಿ ಒಂದು ಮಗುವಾದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸು ಮಾಡಿದೆ. ಆಮೇಲೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಬಿ.ಎ. ಅದು ಮುಗಿಯುವ ಹೊತ್ತಿಗೆ ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಗೆ ಕನ್ನಡ, ತೆಲುಗು ಎರಡೂ ಬರುವ ಆಳು ಬೇಕಾಗಿತ್ತು. ಮೊಳಕಾಲ್ಮುರು ಕಡೆಯ ಹಟ್ಟಿಗಳಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ, ಹಾಗಾಗಿ. ಹಣ ಹೊರದೇಶದಿಂದ ಬರುತ್ತಿತ್ತು. ಕಚೇರಿ ಬೆಂಗಳೂರಿನಲ್ಲಿತ್ತು. ಚಳ್ಳಕೆರೆಯಲ್ಲಿ ನಾನು ಮತ್ತು ಒಂದು ಬೈಕು ಇದ್ದೆವು.

ಆ ವರ್ಷದ ಕೆಲಸ ಏನೆಂದರೆ, ಸ್ವಂತ ಕುರಿ ಇಲ್ಲದ ಬಡ ಹೆಣ್ಣುಮಕ್ಕಳಿಗೆ ನಾಲ್ಕು ನಾಲ್ಕು ಹೆಣ್ಣು ಕುರಿ ಕೊಡುವುದು. ಪಟ್ಟಿ ಮಾಡುವವನು ನಾನು. ಪಟ್ಟಿ ಸರಿಯಿದೆಯೇ ಎಂದು ಮನೆಮನೆಗೆ ಬಂದು ನೋಡುವವರು ಮೇಲಿನವರು.

ಬಿ.ಜಿ. ಕೆರೆಯಿಂದ ಒಳಗೆ ಹೋದರೆ ಒಂದು ಹಟ್ಟಿ ಇದೆ. ಮೂವತ್ತು ಮನೆ ಇರಬಹುದು. ಕುರಿ ಕಾಯುವವರು, ಶೇಂಗಾ ಹೊಲದಲ್ಲಿ ಕಳೆ ತೆಗೆಯಲು ಹೋಗುವವರು, ಕುದಾಪುರದ ಕಡೆ ಗಾರೆ ಕೆಲಸಕ್ಕೆ ಹೋಗುವವರು. ಅಲ್ಲಿ ಕೊನೆಯ ಮನೆ ಒಬ್ಬ ಹೆಣ್ಣುಮಗಳದು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ತಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ರಾಯದುರ್ಗದ ಕಡೆ ಕೊಟ್ಟಿದ್ದರು. ಗಂಡನ ಕಾಲದ ಕುರಿಗಳೆಲ್ಲ ಒಂದೇ ಮಳೆಗಾಲದಲ್ಲಿ ನೀಲಿ ನಾಲಿಗೆ ರೋಗ ಬಂದು ಸತ್ತಿದ್ದವು. ಅಂದಿನಿಂದ ಅವರು ಬೇರೆಯವರ ಕುರಿಗಳನ್ನು ಪಾಲಿಗೆ ಮೇಯಿಸುತ್ತಿದ್ದರು. ಪಾಲಿಗೆ ಎಂದರೆ ಕುರಿ ಒಬ್ಬರದು, ಕಾಯುವ ಕೆಲಸ ಇನ್ನೊಬ್ಬರದು, ಹುಟ್ಟಿದ ಮರಿಗಳಲ್ಲಿ ಅರ್ಧ ಕಾಯ್ದವರಿಗೆ. ಮಾತು ಹಾಗೆ. ಆದರೆ ಮರಿ ಬೆಳೆಯುವ ಮೊದಲೇ ಕುರಿಯವರಿಗೆ ಏನಾದರೂ ಕಷ್ಟ ಬರುತ್ತಿತ್ತು, ಮಂದೆಯನ್ನೇ ಮಾರಿಬಿಡುತ್ತಿದ್ದರು. ಅಕ್ಕನ ಪಾಲು ಯಾವಾಗಲೂ ಮುಂದಿನ ಸಲಕ್ಕೆ ಹೋಗುತ್ತಿತ್ತು.

ಅವರ ಮನೆ ಮುಂದೆ ಮುಳ್ಳುಬೇಲಿಯ ಕುರಿ ರೊಪ್ಪ ಹಾಗೇ ಇತ್ತು, ಖಾಲಿ. ಆದರೂ ವರ್ಷಕ್ಕೊಮ್ಮೆ ಹೊಸ ಮುಳ್ಳು ತಂದು ಬೇಲಿ ಸರಿಮಾಡುತ್ತಿದ್ದರು. ಯಾಕೆಂದು ಕೇಳಿದೆ.

"ನಾಕೇ ನಾಕು ಕುರಿ ಸಾಕು ಕಣ್ ತಮ್ಮ," ಎಂದರು. "ಸಂಜಿಗೆ ಯಾರ ಬಾಗ್ಲಿಗೂ ಹೊಡ್ಕಂಡು ಹೋಗಿ ಬಿಟ್ಟು ಬರದಂಗೆ, ನನ್ ಮನೆ ಮುಂದೆ ಕೂಡ್ಬೇಕು. ಬೆಳಿಗ್ಗೆ ಎದ್ದು ನೋಡಿದ್ರೆ ನನ್ವೇ ಇರ್ಬೇಕು. ಅಷ್ಟೇಯಾ."

ಅವರ ಹೆಸರನ್ನು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬರೆದೆ. ಫಾರಂ ತುಂಬಿದಾಗ ಮಂಚಕ್ಕೊಂದೇ ರೈಟು ಬಿತ್ತು, ಅದೂ ಹಗ್ಗದ ಮಂಚ. ಉಳಿದದ್ದೆಲ್ಲ ಇಂಟು.

ಮೇಲಿನವರು ನೋಡಲು ಬರುವ ದಿನ ಗೊತ್ತಾದಾಗ ಹಟ್ಟಿಗೆ ಹೋಗಿ ಹೇಳಿದೆ. ಬೆಂಗಳೂರಿನಿಂದ ಸಾರ್ ಬರುತ್ತಾರೆ, ಜೊತೆಗೆ ಹಣ ಕೊಡುವ ದೇಶದಿಂದ ಒಬ್ಬ ಮೇಡಂ ಬರುತ್ತಾರೆ, ಮೊದಲು ಅಕ್ಕನ ಮನೆಗೇ ಬರುತ್ತಾರೆ ಎಂದೆ. ಹೇಳುವಾಗ ನನಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಿಲ್ಲಿನ ಹಮಾಲಿಯಾಗಿದ್ದವನು ಹೊರದೇಶದವರನ್ನು ಜೀಪಿನಲ್ಲಿ ಕರೆದುಕೊಂಡು ಬರುತ್ತಿದ್ದೆ. "ಒಂಚೂರು ಮರ್ಯಾದೆಯಿಂದ ನೋಡ್ಕಳ್ರಿ" ಎಂದು ಸೇರಿಸಿದವನೂ ನಾನೇ.

ಜೀಪು ಇಳಿದು ನೋಡುತ್ತೇನೆ, ಅಕ್ಕನ ಅಂಗಳದಲ್ಲಿ ಹನ್ನೊಂದು ಪ್ಲಾಸ್ಟಿಕ್ ಕುರ್ಚಿ. ಕೆಂಪು, ನೀಲಿ, ಒಂದು ಹಸಿರು. ಒಳಗೆ ಮೇಜಿನ ಮೇಲೆ ಫ್ಯಾನು ತಿರುಗುತ್ತಿತ್ತು. ಮೇಜೂ ಅವರದಲ್ಲ. ಪಕ್ಕದ ಮನೆಯಿಂದ ಕಿಟಕಿಯ ಮೂಲಕ ವೈರು ಎಳೆದಿದ್ದರು. ಗೂಡಿನಲ್ಲಿ ಮಿಕ್ಸಿಯೊಂದನ್ನು ಒರೆಸಿ ಇಟ್ಟಿದ್ದರು. ಅಕ್ಕ ಯಾರದೋ ಮೊಳಕಾಲ್ಮುರು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಹೋಳಿಗೆಯ ವಾಸನೆ ಹಟ್ಟಿಯ ಬಾಯಿಗೇ ಬರುತ್ತಿತ್ತು.

ನಮ್ಮ ಕಡೆ ಒಬ್ಬರ ಮನೆಗೆ ಹೆಣ್ಣು ನೋಡಲು ಬಂದರೆ ಕುರ್ಚಿ ಓಣಿಯವರದು. ಲೋಟ ಒಬ್ಬರದು, ಜಮಖಾನ ಇನ್ನೊಬ್ಬರದು. ಬಂದವರಿಗೂ ಅದು ಗೊತ್ತಿರುತ್ತದೆ, ಅವರೂ ತಮ್ಮ ಓಣಿಯಲ್ಲಿ ಹಾಗೇ ಮಾಡಿ ಬಂದವರು. ಯಾರೂ ಕುರ್ಚಿ ಎಣಿಸುವುದಿಲ್ಲ. ಎಣಿಸಲಿಕ್ಕೆಂದೇ ಬರುವ ನೆಂಟರನ್ನು ಆ ಹಟ್ಟಿ ಅದುವರೆಗೆ ನೋಡಿರಲಿಲ್ಲ. ನಾನು ನೋಡಿದ್ದೆ. ಆದರೂ ಆ ಕುರ್ಚಿಗಳನ್ನು ಕಂಡ ಕೂಡಲೇ ನನಗೆ ಮೊದಲು ಆದದ್ದು ಖುಷಿ. ಕಾಲಂ ನೆನಪಾದದ್ದು ಸಾರ್ ಪೆನ್ನು ತೆಗೆದಾಗ.

ಮೇಡಂ ಎರಡು ಹೋಳಿಗೆ ತಿಂದರು. ಕೈಮುಗಿದರು. ಸಾರ್ ಊಟ ಮಾಡುತ್ತಲೇ ಒಮ್ಮೆ ಸುತ್ತ ನೋಡಿ, ಫಾರಂನಲ್ಲಿ ರೈಟು ಹಾಕುತ್ತಾ ಹೋದರು.

ವಾಪಸ್ ಬರುವಾಗ ಜೀಪಿನಲ್ಲಿ ಕೇಳಿದರು. "ಅಲ್ರೀ, ಈ ಮನೇನ ತೀರಾ ಬಡವರು ಅಂತ ಬರ್ದಿದ್ದೀರಲ್ಲ?"

"ಹೌದು ಸಾರ್."

"ಹನ್ನೊಂದು ಕುರ್ಚಿ ಇದೆ. ನಮ್ಮನೇಲೇ ಅಷ್ಟಿಲ್ಲ."

"ಅವು ಅವ್ರವಲ್ಲ ಸಾರ್. ಓಣಿಯವು."

"ಫ್ಯಾನು?"

"ಪಕ್ಕದ ಮನೇದು."

"ಮಿಕ್ಸಿ?"

"ಯಾರ್ದೋ ಗೊತ್ತಿಲ್ಲ ಸಾರ್. ಅವ್ರದಂತೂ ಅಲ್ಲ. ಅವ್ರ ಮನೇಲಿ ಪ್ಲಗ್ಗೇ ಇಲ್ಲ."

ಸಾರ್ ಇದನ್ನೆಲ್ಲ ಇಂಗ್ಲಿಷಿನಲ್ಲಿ ಮೇಡಂಗೆ ಹೇಳಿದರು. ಮೇಡಂ ಹಿಂದೆ ತಿರುಗಿ ನನ್ನ ಮುಖ ನೋಡಿ ಏನೋ ಕೇಳಿದರು. ಸಾರ್ ಅದನ್ನು ಕನ್ನಡ ಮಾಡಿದರು. "ಎಲ್ಲಾ ಕಡೆ ಜನ ಇರೋದನ್ನ ಬಚ್ಚಿಟ್ಟು ಇಲ್ಲ ಅಂತಾರೆ. ಇವ್ರು ಇಲ್ಲದ್ದನ್ನ ಇದೆ ಅಂತ ಯಾಕೆ ತೋರಿಸ್ತಾರೆ ಅಂತ ಕೇಳ್ತಿದಾರೆ."

ನನಗೆ ಉತ್ತರ ಗೊತ್ತಿತ್ತು.  ಈ ಕೆಲಸದ ಇಂಟರ್‌ವ್ಯೂಗೆ ಹೋದಾಗ ನಾನು ಷಡ್ಡಕನ ಬೂಟು ಹಾಕಿಕೊಂಡು ಹೋಗಿದ್ದೆ. ಅದು ಯಾರದೆಂದು ಆ ದಿನ ಯಾರೂ ಕೇಳಲಿಲ್ಲ. "ಅವ್ರು ಹಂಗೇ ಸಾರ್" ಎಂದಷ್ಟೇ ಹೇಳಿದೆ. ಸಾರ್ ಅದನ್ನು ಯಾವ ರೀತಿ ಇಂಗ್ಲಿಷ್ ಮಾಡಿದರೋ ತಿಳಿಯದು.

ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು ಎಂದರು ಸಾರ್. ಅಕ್ಕನ ಹೆಸರಿನ ಮೇಲೆ ಗೆರೆ ಬಿತ್ತು.

ಹೇಳಲು ಹೋದ ದಿನ ಹಟ್ಟಿಯವರೆಲ್ಲ ನಗುನಗುತ್ತಾ ಬಂದರು, ಊಟ ಹೆಂಗಿತ್ತಂತೆ ಎಂದು ಕೇಳುತ್ತಾ. ಕುರ್ಚಿಯಿಂದಾಗಿ ಕುರಿ ತಪ್ಪಿತು ಎಂದು ನಾನು ಹೇಳಿದಾಗ ಯಾರಿಗೂ ಅರ್ಥವಾಗಲಿಲ್ಲ. ಎದುರುಮನೆಯ ಅಜ್ಜಿಗೆ ಬಾಯಿ ಜೋರು. ಸಿಟ್ಟು ಬಂದರೆ ಮಾತಿನಲ್ಲಿ ತೆಲುಗು ನುಸುಳುತ್ತದೆ.

"ಏಮಿ ಸಾಮಿ, ಕುರ್ಚಿ ಹಾಕಿದ್ದೇ ತಪ್ಪಾಯ್ತಾ? ಹೋಳಿಗೆ ತಿಂದಿದ್ದು ತಪ್ಪಾಗ್ಲಿಲ್ವಾ ಅವ್ರಿಗೆ?"

ನನ್ನ ಓರಗೆಯ ಗಾರೆ ಕೆಲಸದವನೊಬ್ಬ ಅಲ್ಲಿದ್ದ. ಹಸಿರು ಕುರ್ಚಿ ಅವನದು. "ಲೇ, ನೀನೇ ಅಲ್ವೇನ್ಲೇ ದೊಡ್ಡೋರು ಬರ್ತಾರೆ ಅಂದಿದ್ದು? ನಿನ್ ಮರ್ಯಾದೆ ಹೋಗ್ಬಾರ್ದು ಅಂತ ನಾವು ಬೆಳಿಗ್ಗೆ ಕೆಲ್ಸಕ್ಕೂ ಹೋಗ್ಲಿಲ್ಲ."

"ಅದು ಸರಿ. ಆದ್ರೆ ಅವ್ರು ಬರೋದೇ ಏನೇನಿಲ್ಲ ಅಂತ ನೋಡಕ್ಕೆ."

"ಇಲ್ಲ ಅನ್ನೋದನ್ನ ಏನ್ಲೇ ನೋಡೋದು?"

ಅಕ್ಕ ರೊಪ್ಪದ ಬೇಲಿಯಿಂದ ಜಾರಿದ್ದ ಒಂದು ಮುಳ್ಳುಕೊಂಬೆಯನ್ನು ಕಾಲಲ್ಲಿ ಒಳಗೆ ತಳ್ಳುತ್ತಾ ನಿಂತಿದ್ದರು. ಅದನ್ನು ನೋಡಿಯೇ ನಾನು ಬೆಂಗಳೂರಿಗೆ ಬರೆದೆ. ಕಂಪ್ಯೂಟರಿನಲ್ಲಿ ಒಂದು ಬೆರಳಿನಲ್ಲಿ ಟೈಪು ಮಾಡುವವನು ನಾನು, ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹೋಯಿತು. ಇನ್ನೊಂದು ಸಲ ಬಂದು ನೋಡಿ, ಈ ಸಲ ಮನೆ ಹೇಗಿದೆಯೋ ಹಾಗೇ ಇರುತ್ತದೆ ಎಂದು ಬೇಡಿಕೊಂಡೆ. ಮೇಡಂ ತಮ್ಮ ದೇಶಕ್ಕೆ ವಾಪಸ್ ಹೋಗುವ ಮೊದಲು ಬರಲು ಒಪ್ಪಿದರು.

ಹಟ್ಟಿಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. "ಏನೂ ಮಾಡ್ಬೇಡ್ರಿ. ಒಂದು ಕುರ್ಚೀನೂ ತರ್ಬೇಡ್ರಿ. ಇದ್ದದ್ದು ಇದ್ದಂಗೆ ಇರ್ಲಿ."

"ಈಗ ತಿಳೀತು ಬಿಡಪ್ಪ," ಎಂದ ಗಾರೆ ಕೆಲಸದವನು. ಅವನಿಗೆ ತಿಳಿದದ್ದು ಏನೆಂದು ನಾನು ಕೇಳಬೇಕಾಗಿತ್ತು.

ಎರಡನೇ ಸಲ ಜೀಪು ನಿಂತಾಗ ಅಂಗಳ ಬೋಳಾಗಿತ್ತು. ನಾನು ನೆಮ್ಮದಿಯಿಂದ ಒಳಗೆ ಹೋದೆ. ಒಳಗೆ ಅಕ್ಕನ ಸ್ವಂತ ಹಗ್ಗದ ಮಂಚವೂ ಇರಲಿಲ್ಲ. ಕಂಬಳಿ ಇರಲಿಲ್ಲ, ಟ್ರಂಕು ಇರಲಿಲ್ಲ, ನೀರಿನ ಕೊಡ ಇರಲಿಲ್ಲ, ಒಂದು ಲೋಟ ಇರಲಿಲ್ಲ. ಒಲೆಯ ಬೂದಿಯನ್ನೂ ಬಳಿದಿದ್ದರು. ಗೋಡೆಯಲ್ಲಿ ಗಂಡನ ಫೋಟೊ ಇದ್ದ ಜಾಗದಲ್ಲಿ ಮೊಳೆ ಮಾತ್ರ ಇತ್ತು, ಅದರ ಕೆಳಗೆ ಸುಣ್ಣ ಬೆಳ್ಳಗೆ ಉಳಿದ ಒಂದು ಚೌಕ. ಅಕ್ಕ ಹರಿದ ಸೀರೆ ಉಟ್ಟಿದ್ದರು. ಅವರ ಹತ್ತಿರ ಅಷ್ಟು ಹರಿದ ಸೀರೆ ಇರಲಿಲ್ಲ ಎಂದು ನನಗೆ ಗೊತ್ತು. ಅದು ಎದುರುಮನೆ ಅಜ್ಜಿಯದು. ಹರಿದದ್ದೂ ಎರವಲೇ.

ಬಾಗಿಲಾಚೆ ಗಾರೆ ಕೆಲಸದವನು ನನಗೆ ಕಣ್ಣು ಹೊಡೆದ. ಹೆಂಗೆ, ಸರಿಯಾಯ್ತಾ, ಎನ್ನುವ ಹಾಗೆ.

ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಮೊದಲ ಸಲ ಇಲ್ಲದ್ದು ಇತ್ತು, ಈ ಸಲ ಇದ್ದದ್ದು ಇರಲಿಲ್ಲ. ಮೊದಲಿನದು ಸುಳ್ಳೆಂದು ನಾನೇ ಜೀಪಿನಲ್ಲಿ ಬಾಯಿಬಿಟ್ಟು ಹೇಳಿದ್ದೆ. ಇದನ್ನು ಹೇಳಿದರೆ ಕುರಿ ಹೋಗುತ್ತವೆ. ಹೇಳದಿದ್ದರೆ ಬರುತ್ತವೆ, ಮತ್ತು ಅವು ನ್ಯಾಯವಾಗಿ ಅಕ್ಕನಿಗೇ ಸೇರಬೇಕಾದವು. ಸಾರ್ ಇಂಟು ಹಾಕುತ್ತಾ ಹೋದರು. ನಾನು ಗೋಡೆಯ ಚೌಕವನ್ನು ನೋಡುತ್ತಾ ನಿಂತೆ.

ಮೇಡಂ ಕಣ್ಣಲ್ಲಿ ನೀರು ಬಂದಿತ್ತು. ಅವರು ಬರೀ ನೆಲದ ಮೇಲೆ ಕೂತುಬಿಟ್ಟರು, ಅಕ್ಕನನ್ನೂ ಪಕ್ಕಕ್ಕೆ ಕರೆದರು. ಬೇಸಿಗೆ. ಮೇಲೆ ತಗಡು. ಅವರ ಮುಖ ಕೆಂಪಗಾಗಿ ಬೆವರು ಕುತ್ತಿಗೆಗೆ ಇಳಿಯುತ್ತಿತ್ತು. ತಮ್ಮ ಬಾಟಲಿ ತೆಗೆದು ನೋಡಿದರು, ನೀರು ಮುಗಿದಿತ್ತು. ಸುಮ್ಮನೆ ಮುಚ್ಚಳ ಹಾಕಿದರು. ಆಮೇಲೆ ಕೆಮ್ಮು ಬಂತು, ನಿಲ್ಲಲೇ ಇಲ್ಲ.

ಅಕ್ಕ ಕೊಡ ಇರುತ್ತಿದ್ದ ಮೂಲೆಯ ಕಡೆ ನೋಡಿದರು. ಕೊಡ ಇಲ್ಲ. ನನ್ನ ಕಡೆ ನೋಡಿದರು. ನಾನು ಮೆಲ್ಲಗೆ ಹೇಳಿದೆ.

"ಅಕ್ಕಾ, ಐದೇ ನಿಮಿಷ. ಮುಗೀತು."

"ಸುಮ್ನಿರು ತಮ್ಮ," ಎಂದವರೇ ಎದ್ದು ಬಾಗಿಲಿಗೆ ಹೋಗಿ ಕೂಗಿದರು. "ಏ, ಕುರ್ಚಿ ತರ್ರೇ! ನೀರು ತರ್ರೇ! ಮನೆಗೆ ಬಂದೋರು ನೆಲಕ್ಕೆ ಕುಂತಾರೆ, ಕಣ್ಣು ಬಿಟ್ಕಂಡು ಏನ್ ನೋಡ್ತೀರಿ?"

ಹಟ್ಟಿ ಅದನ್ನೇ ಕಾಯುತ್ತಿತ್ತೋ ಏನೋ. ಒಂದೊಂದು ಬಾಗಿಲಿನಿಂದ ಒಂದೊಂದು ಕುರ್ಚಿ ಹೊರಗೆ ಬಂತು. ಫ್ಯಾನು ಬಂತು, ಹಿಂದೆಯೇ ವೈರು ಬಂತು. ಕೊಡ ಬಂತು, ಮಂಚ ಬಂತು. ಕೊನೆಗೆ ಯಾರೋ ಒಬ್ಬಾಕೆ ಗಂಡನ ಫೋಟೊವನ್ನು ಸೆರಗಿನಲ್ಲಿ ಒರೆಸಿಕೊಂಡು ಬಂದು, ಎಲ್ಲರ ಎದುರಿಗೇ ಅದೇ ಮೊಳೆಗೆ ತೂಗುಹಾಕಿ, ಸೊಟ್ಟ ಆಗಿದೆಯಾ ಎಂದು ಹಿಂದೆ ಸರಿದು ನೋಡಿದಳು.

ಸಾರ್ ಪೆನ್ನು ನಿಲ್ಲಿಸಿದರು. "ಏನ್ರೀ ಇದು?"

ಆಗ ನಾನು ಎಲ್ಲವನ್ನೂ ಹೇಳಿದೆ. ಹೇಳದೆ ಬೇರೆ ದಾರಿ ಇರಲಿಲ್ಲ. ಹೋದ ಸಲದ್ದು, ಈ ಸಲದ್ದು, ಯಾವ ಕುರ್ಚಿ ಯಾವ ಮನೆಯದು, ಸೀರೆ ಯಾರದು. ಮೇಡಂ ನೀರು ಕುಡಿದು, ಹಸಿರು ಕುರ್ಚಿಯಲ್ಲಿ ಕೂತು, ಸಾರ್ ಹೇಳಿದ್ದನ್ನು ಕೇಳುತ್ತಾ ಹೋದರು. ನಾನು ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು. ಎದ್ದು, ಒಂದೊಂದು ಕುರ್ಚಿಯ ಮನೆಯನ್ನೂ ತೋರಿಸು ಎಂದು ನನ್ನನ್ನು ಹಟ್ಟಿಯೆಲ್ಲ ಸುತ್ತಿಸಿದರು. ಎಲ್ಲರ ಕೈ ಹಿಡಿದರು. ಕೊನೆಗೆ ಅಕ್ಕನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು.

ಸಾರ್ ಅದನ್ನು ಎರಡೇ ಮಾತಿನಲ್ಲಿ ಮುಗಿಸಿದರು. "ಇಂಥ ಊರನ್ನ ಎಲ್ಲೂ ನೋಡಿಲ್ಲ ಅಂತಿದಾರೆ. ಇಲ್ಲಿ ಎಲ್ಲಾ ಎಲ್ಲರದೂ ಅಂತೆ."

ಎದುರುಮನೆ ಅಜ್ಜಿ ಮುಂದೆ ಬಂದಿತು. "ಎಲ್ಲಾ ಎಲ್ಲರ್ದೂ ಅಂತಾ ಯಾರು ಹೇಳಿದ್ದು? ನನ್ ಸೀರೆ ಸಂಜಿಗೆ ನನಗೆ ವಾಪಸ್ ಬೇಕಪ್ಪಾ!"

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು, ಎಲ್ಲರೂ ನಗುತ್ತಿದ್ದಾರೆಂದು. ಆ ಮಾತನ್ನು ಮಾತ್ರ ಸಾರ್ ಇಂಗ್ಲಿಷ್ ಮಾಡಲಿಲ್ಲ. ನನಗೆ ಇಂಗ್ಲಿಷ್ ಬಂದಿದ್ದರೆ ನಾನು ಮಾಡುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ.

ಒಂದು ತಿಂಗಳ ಮೇಲೆ ಕಾಗದ ಬಂತು. ಆ ಹಟ್ಟಿಯಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಕುರಿ ಕೊಡುವುದು ಸರಿಯಲ್ಲ, ಅವರ ನಡುವೆ ಇರುವ ಒಗ್ಗಟ್ಟು ಅದರಿಂದ ಕೆಟ್ಟೀತು ಎಂದಿತ್ತು. ಅದಕ್ಕೇ ನಾಲ್ಕು ಹೆಣ್ಣು ಕುರಿಯನ್ನು ಹಟ್ಟಿಯ ಹೆಂಗಸರ ಗುಂಪಿಗೆ ಒಟ್ಟಾಗಿ ಕೊಡುತ್ತಾರೆ. ಅಕ್ಕನಿಗೆ ಅನುಭವ ಇರುವುದರಿಂದ ಕಾಯುವ ಜವಾಬ್ದಾರಿ ಅವರದು.

ನಾನು ಅದನ್ನು ಎಲ್ಲರ ಮುಂದೆ ಓದಿ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಪಾಲಿಗೆ ಮೇಯ್ಸೋದು ಅಂತನಾ?"

"ಹಂಗಲ್ಲ ಅಕ್ಕ. ಇವು ನಿಮ್ವೂ ಹೌದು."

"ನನ್ವೂ ಹೌದು. ಮತ್ತೆ ಯಾರ್ಯಾರ್ವು?"

"ಎಲ್ಲರ್ವೂ."

"ಮದ್ಲು ಒಬ್ರ ಕುರಿ ಕಾಯ್ತಿದ್ದೆ," ಎಂದರು ಅಕ್ಕ. "ಈಗ ಮೂವತ್ತು ಮನೇರ್ದು." ಹೇಳುವಾಗ ನಕ್ಕರು. ಆ ನಗು ಯಾವ ಥರದ್ದು ಎಂದು ನನಗೆ ಗೊತ್ತಾಗಲಿಲ್ಲ.

ಕುರಿ ಬಂದವು. ಸಂಜೆ ಅಕ್ಕನ ರೊಪ್ಪದಲ್ಲೇ ಕೂಡುತ್ತವೆ. ಅಷ್ಟರಮಟ್ಟಿಗೆ ಅವರು ಕೇಳಿದ್ದು ಸಿಕ್ಕಿತು ಎಂದು ನಾನು ನನಗೇ ಹೇಳಿಕೊಂಡೆ. ಕಚೇರಿಯವರು ಆ ಹಟ್ಟಿಯ ಬಗ್ಗೆ ಒಂದು ವರದಿ ಕೇಳಿದರು. ಜನ ಹೇಗೆ ಎಲ್ಲವನ್ನೂ ಹಂಚಿಕೊಂಡು ಬದುಕುತ್ತಾರೆ ಎಂದು ನಾನೇ ಟೈಪು ಮಾಡಿ ಕಳಿಸಿದೆ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಕುರ್ಚಿಗಳನ್ನು ನಿಜವಾಗಿಯೂ ಹಂಚಿಕೊಂಡಿದ್ದರು. ಆದರೂ ಓದಿ ನೋಡಿದಾಗ ಅದು ನನಗೆ ಗೊತ್ತಿರುವ ಹಟ್ಟಿಯಂತೆ ಕಾಣಲಿಲ್ಲ. ಎಲ್ಲಿ ತಪ್ಪಿತು ಎಂದು ಹುಡುಕಿದೆ, ಸಿಗಲಿಲ್ಲ. ಮೇಡಂಗೆ ಒಳ್ಳೆಯ ಮನಸ್ಸಿತ್ತು. ಹಟ್ಟಿಯವರಿಗೂ ಇತ್ತು. ನನಗೂ ಇತ್ತು ಎಂದೇ ಅಂದುಕೊಂಡಿದ್ದೇನೆ.

ಈಚೆಗೆ ಒಂದು ಕುರಿ ಈಯಿತು, ಒಂದೇ ಮರಿ. ಹೆಣ್ಣು. ಪಾಲಿನ ಲೆಕ್ಕದಲ್ಲಿ ಅರ್ಧ ಮರಿ ನನ್ನದು ಎನ್ನುತ್ತಾರೆ ಅಕ್ಕ. ಇದು ಪಾಲಿನ ಕುರಿ ಅಲ್ಲ, ಗುಂಪಿನದು, ಮರಿಯೂ ಗುಂಪಿನದೇ ಎನ್ನುತ್ತದೆ ಅಜ್ಜಿ. ಹಿಂದೆಲ್ಲ ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಹೇನು ನೋಡಿಕೊಳ್ಳುತ್ತಿದ್ದವರು. ಈಗ ನಾನು ಹೋದಾಗ ಬೇರೆ ಬೇರೆಯಾಗಿ ಬಂದು ಮಾತಾಡುತ್ತಾರೆ.

ನಾನು ಬೆಂಗಳೂರಿಗೆ ಬರೆದೆ. ಅದನ್ನು ಊರಿನವರೇ ಕೂತು ತೀರ್ಮಾನ ಮಾಡಲಿ ಎಂದು ಉತ್ತರ ಬಂತು. ಊರಿನವರನ್ನು ಕೂರಿಸಿ ಕೇಳಿದೆ.

"ಕೊಟ್ಟೋರ್ನ ಕೇಳ್ಲೇ," ಎಂದ ಗಾರೆ ಕೆಲಸದವನು. "ಕುರಿ ಅವ್ರದ್ದು. ನಾವು ಹೆಂಗೆ ಹೇಳಾನ?"

ಅಕ್ಕ ಮರಿಯನ್ನು ಕಂಬಳಿಯೊಳಗೆ ಹಿಡಿದುಕೊಂಡಿದ್ದರು. ತಲೆ ಮಾತ್ರ ಹೊರಗೆ. ಕುರಿ ಯಾರದೆಂದು ತಿಳಿಯಲು ನಮ್ಮ ಕಡೆ ಕಿವಿ ಕತ್ತರಿಸಿ ಗುರುತು ಮಾಡುತ್ತಾರೆ, ಮನೆಗೊಂದು ಥರ. "ಕಿವಿಗೆ ಗುರ್ತು ಹಾಕ್ಬೇಕು ತಮ್ಮ," ಎಂದರು. "ಬಲಿತ್ ಮೇಲೆ ಹಾಕಿದ್ರೆ ನೋವಾಗ್ತೈತೆ. ಯಾರ್ ಗುರ್ತು ಹಾಕ್ಲಿ, ಹೇಳು."

ನಾನು ಇನ್ನೊಂದು ಸಲ ಕೇಳಿ ನೋಡುತ್ತೇನೆ ಎಂದೆ. ಇವತ್ತು ಮಧ್ಯಾಹ್ನ ಅದನ್ನೇ ಟೈಪು ಮಾಡಲು ಕೂತವನು, ಟೈಪು ಬಿಟ್ಟು ಕೈಯಲ್ಲೇ ಇಷ್ಟೆಲ್ಲ ಬರೆದೆ. ಆ ಕಾಗದ ಇನ್ನೂ ಶುರುವಾಗಿಲ್ಲ.